ವಿಭೂತಿ ಹಚ್ಚಿದ ಸಿಲಿಂಡರು

ದೇವರಲ್ಲಿ ನಾನು ದೊಡ್ಡದೇನನ್ನೂ ಬೇಡಿದವಳಲ್ಲ. ದೊಡ್ಡದನ್ನು ಕೇಳಿದರೆ ಕೊಡಲು ಅವನಿಗೂ ಹೊತ್ತು ಹಿಡಿಯುತ್ತದೆ, ಕಾಯಲು ನನಗೂ ಪುರುಸೊತ್ತಿಲ್ಲ. ಬೆಳಿಗ್ಗೆ ನಳ ಬಂದರೆ ಒಂದು ಶರಣು, ಹಾಲು ಒಡೆಯದಿದ್ದರೆ ಒಂದು ಶರಣು, ರೊಟ್ಟಿ ಹಂಚಿನ ಮೇಲೆ ಹೊಟ್ಟೆ ತುಂಬ ಉಬ್ಬಿದರೆ ಇನ್ನೊಂದು. ಹೀಗೆ ಚಿಲ್ಲರೆ ಉಪಕಾರಗಳನ್ನು ಸ್ಮರಿಸುತ್ತ ಸ್ಮರಿಸುತ್ತ ನನ್ನ ದಿನ ಕಳೆಯುತ್ತದೆ. ಅವುಗಳಲ್ಲೆಲ್ಲ ನನಗೆ ಬಹಳ ಮೆಚ್ಚಿನದು ಗ್ಯಾಸ್ ಒಲೆ. ಟಿಕ್ ಎಂದರೆ ಸಾಕು, ನೀಲಿ ಹೂವು ಅರಳಿದ ಹಾಗೆ ಹತ್ತುತ್ತದೆ. ಮಸ್ಕಿಯ ತವರುಮನೆಯಲ್ಲಿ ಹತ್ತಿಕಟ್ಟಿಗೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡು ಬೆಳೆದವಳಿಗೆ ಆ ಟಿಕ್ ಎನ್ನುವ ಸದ್ದು ಗುಡಿಯ ಗಂಟೆಗಿಂತ ಕಡಿಮೆಯದಲ್ಲ. ಆದರೆ ಆ ನೀಲಿ ಹೂವು ಸಮುದ್ರ ದಾಟಿ ಹಡಗಿನಲ್ಲಿ ಬರುತ್ತದೆ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ.

ಗೊತ್ತುಮಾಡಿಸಿದವರು ನಮ್ಮ ಮನೆಯವರು. ಸಿಂಧನೂರಿನಲ್ಲಿ ಅವರದು ಪಂಪ್‌ಸೆಟ್ ಸಾಮಾನಿನ ಅಂಗಡಿ. ಸಂಜೆ ಬಂದು ಊಟಕ್ಕೆ ಕುಳಿತರೆ ಕಣ್ಣು ಟಿವಿಯ ಸುದ್ದಿಯ ಮೇಲೆ, ಕೈ ಅಂದಾಜಿನ ಮೇಲೆ. ಎಷ್ಟೋ ಸಲ ಪಲ್ಯ ಬಿಟ್ಟು ತಾಟಿನ ಅಂಚನ್ನೇ ಮುರಿಯಲು ನೋಡಿದ್ದಾರೆ. ಒಂದು ದಿನ ಎಲ್ಲೋ ಕೊಲ್ಲಿಯಲ್ಲಿ ಯುದ್ಧ, ಹಡಗುಗಳು ನಿಂತಿವೆ ಎಂಬ ಸುದ್ದಿ ಬಂತು.

"ನೋಡು, ನಮ್ಮ ದೇಶಕ್ಕ ಎಣ್ಣಿ, ಗ್ಯಾಸು ಭಾಳಷ್ಟು ಹೊರಗಿಂದ ಬರತೈತಿ. ಅಲ್ಲಿ ಯಾರೋ ಜಗಳಾಡಿದ್ರ ಇಲ್ಲಿ ನಿನ್ನ ಒಲಿ ಆರತೈತಿ," ಎಂದರು.

"ಹಂಗಾದ್ರ ಜಗಳಾಡಬ್ಯಾಡ್ರಿ ಅಂತ ಅವರಿಗೆ ಯಾರರ ಹೇಳಬಾರದೇನ್ರಿ?" ಎಂದೆ. ಅವರು ನನ್ನನ್ನು ನೋಡಿದ ರೀತಿ ದೇಶದ ಹಿನ್ನಡೆಗೆ ಅರ್ಧ ಕಾರಣ ನಾನೇ ಎಂಬಂತಿತ್ತು.

ಬಾಗಿಲ ಬಳಿ ಬತ್ತಿ ಹೊಸೆಯುತ್ತ ಕುಳಿತಿದ್ದ ನಮ್ಮ ಅತ್ತೆ ಸುಮ್ಮನಿರುವ ಪೈಕಿ ಅಲ್ಲ. "ಅಲ್ಲೋ, ಹಟ್ಟಿ ಗಣ್ಯಾಗ ಬಂಗಾರಕ್ಕಂತ ಪಾತಾಳದ ತನಕ ಇಳೀತಾರ. ಹಂಗ ಇಳದಾಗ ಒಂದೀಟು ಗ್ಯಾಸ್ ಸಿಗಬಾರದೇನು?" ಎಂದರು. ಅದು ಹಾಗೆ ಸಿಗುವುದಿಲ್ಲ, ಸಿಗುವ ಕಡೆಯೂ ಒಂದಲ್ಲ ಒಂದು ದಿನ ಮುಗಿಯುತ್ತದೆ, ಅದಕ್ಕೇ ಈಗ ನುಚ್ಚಕ್ಕಿಯಿಂದ ಇಂಧನ ತೆಗೆದು ಪೆಟ್ರೋಲಿಗೆ ಬೆರೆಸುತ್ತಾರೆ ಎಂದು ಇವರು ತಾಯಿಗೆ ತಿಳಿಸಿ ಹೇಳಿದರು. ಅತ್ತೆಯ ಕೈಯಲ್ಲಿದ್ದ ಬತ್ತಿ ಅಲ್ಲೇ ನಿಂತಿತು. "ಅಂದ್ರ ನಮ್ಮ ವಳಕಮದಿನ್ನಿ ಹೊಲದ ನೆಲ್ಲು ಗಾಡಿ ಕುಡಿಯಾಕತ್ತೈತಿ ಅನ್ನು! ಇನ್ನ ನಾವೇನು ಪೆಟ್ರೋಲ್ ಉಣ್ಣೂನೇನು?"

ಇವರು ಅದನ್ನು ಕೇಳಿಸಿಕೊಳ್ಳದವರ ಹಾಗೆ ಮುಂದುವರಿಸಿದರು. ಕರಾವಳಿಯ ಕಡೆ ಬಂಡೆ ಕೊರೆದು ನೆಲದಡಿ ಎಣ್ಣೆ ಕೂಡಿಟ್ಟಿದ್ದಾರಂತೆ, ಆಪತ್ತಿನ ಕಾಲಕ್ಕೆ. "ಶ್ಯಾಣ್ಯಾತನ ಅಂದ್ರ ಅದು!" ಎಂದರು, ಅವರೇ ಹೋಗಿ ತುಂಬಿಸಿ ಬಂದವರ ಹಾಗೆ.

"ನಮ್ಮನ್ಯಾಗೂ ಐತಲ್ಲರಿ," ಎಂದು ನಾನು ಅಡುಗೆಮನೆಯ ಮೂಲೆ ತೋರಿಸಿದೆ.

ಆ ಮೂಲೆಯ ವಿಷಯ ಹೇಳಬೇಕು. ಮಹಾನವಮಿಗೆ ನಮ್ಮ ಮನೆಯಲ್ಲಿ ಕಬ್ಬಿಣ ಎಂದು ಕಂಡದ್ದಕ್ಕೆಲ್ಲ ಪೂಜೆ. ಅಂಗಡಿಯಲ್ಲಿ ನಟ್ಟು ಬಿಚ್ಚುವ ಪಾನಾ, ಮನೆಯ ಈಳಿಗೆ, ಹೊಲಿಗೆ ಯಂತ್ರ, ಸ್ಕೂಟರು, ಎಲ್ಲಕ್ಕೂ ಮೂರು ಬೆರಳಿನ ವಿಭೂತಿ. ದಿನಾ ಅನ್ನ ಬೇಯಿಸುವ ಸಿಲಿಂಡರನ್ನು ಬಿಡಲಾದೀತೇ? ಒಲೆಯ ಕೆಳಗಿನದಕ್ಕೂ ಹಚ್ಚಿದೆ, ಮೂಲೆಯಲ್ಲಿ ತುಂಬಿ ಕುಳಿತಿದ್ದದ್ದಕ್ಕೂ ಹಚ್ಚಿದೆ. ಆಮೇಲೆ ಮೂಲೆಯದಕ್ಕೆ ಸೋಮವಾರಕ್ಕೊಮ್ಮೆ ಹೊಸ ವಿಭೂತಿ, ಒಂದು ಹೂವು ರೂಢಿಯಾಯಿತು. ಪೂಜೆಯಾದ ವಸ್ತು ಎಂದು, ಒಲೆಯದು ಮುಗಿದರೆ ಹೊಸದನ್ನೇ ತರಿಸುತ್ತಿದ್ದೆ, ಕಸ ಹೊಡೆಯುವಾಗ ಸಹ ಅದನ್ನು ಸರಿಸದೆ ಸುತ್ತ ಹೊಡೆಯುತ್ತಿದ್ದೆ. ಅದನ್ನು ನೋಡಿದರೆ ಏನೋ ಒಂದು ಧೈರ್ಯ. ಮನೆಯಲ್ಲಿ ಹಿರಿಯರು ಕುಳಿತಿದ್ದಾರೆ ಎಂಬಂಥ ಧೈರ್ಯ.

ಆ ಧೈರ್ಯವನ್ನು ನಾನೊಬ್ಬಳೇ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು. ಸುದ್ದಿ ಓಣಿಗೆಲ್ಲ ಹಬ್ಬಿ, ಬುಕ್ ಮಾಡಿದರೂ ಗ್ಯಾಸ್ ಬೇಗ ಬರುತ್ತಿಲ್ಲ ಎಂದು ಹೆಂಗಸರು ಗಾಬರಿಯಾದಾಗ ನಾನು ಕಟ್ಟೆಯ ಮೇಲೆ ಕುಳಿತು ಸಮಾಧಾನ ಹೇಳಿದ್ದೇ ಹೇಳಿದ್ದು. ಪಕ್ಕದ ಮನೆಯ ಮಹಬೂಬಿಗಂತೂ, "ಯಾಕ ಚಿಂತಿ ಮಾಡ್ತಿ? ನಿಂದು ಮುಗಿದ್ರ ನಂದು ಒಯ್ಯಿ. ಶಿವ ಕೊಟ್ಟಾನ, ಮೂಲ್ಯಾಗ ಕುಂತೈತಿ," ಎಂದು ಮಾತು ಕೊಟ್ಟುಬಿಟ್ಟೆ. ಇವರು ಒಂದೆರಡು ಸಲ "ಬುಕ್ ಮಾಡ್ಲೇನು?" ಎಂದಾಗಲೂ, "ಇಲ್ಲದವರು ಮೊದಲು ತಗೊಳ್ಳಲಿ ಬಿಡ್ರಿ," ಎಂದೆ. ಹಾಗೆನ್ನುವಾಗ ನನಗೆ ನನ್ನ ಮೇಲೆಯೇ ಭಕ್ತಿ ಬಂದಿತ್ತು.

ಶ್ರಾವಣದ ಕಡೆಯ ಸೋಮವಾರ ಬಂತು. ಆ ದಿನ ನಮ್ಮ ಮನೆಗೆ ಮಠದ ಅಯ್ಯನವರು ಬರಬೇಕು. ಪಾದಪೂಜೆಯಾಗಿ, ಅವರು ಲಿಂಗಪೂಜೆ ಮಾಡಿಕೊಂಡು ಪ್ರಸಾದದ ಊಟ ಮಾಡಿದ ಮೇಲೆಯೇ ನಮ್ಮ ಬಾಯಿಗೆ ನೀರು. ಪ್ರಸಾದ ಮನೆಯಲ್ಲೇ ಆಗಬೇಕು, ಮಡಿಯಲ್ಲಿ ಆಗಬೇಕು. ಹೊರಗಿನಿಂದ ತರುವ ಮಾತೇ ಇಲ್ಲ. ಅತ್ತೆ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಒಂದು ವರ್ಷವೂ ತಪ್ಪಿಲ್ಲ. ತಪ್ಪಿದರೆ ನನ್ನ ಕೈಯಲ್ಲಿ ತಪ್ಪಬೇಕು, ಅಷ್ಟೇ ಬಾಕಿ ಇತ್ತು.

ನಸುಕಿನಲ್ಲೇ ಮಿಂದು ಹೋಳಿಗೆಗೆ ಕಡಲೆಬೇಳೆ ಇಟ್ಟೆ. ಬೇಳೆ ಇನ್ನೂ ಬೆರಳಿಗೆ ಗಟ್ಟಿ ಇರುವಾಗಲೇ ನೀಲಿ ಹೂವು ಹಳದಿಯಾಗಿ, ಒಮ್ಮೆ ಕೆಮ್ಮಿ, ಬಾಡಿತು. ನಾನೇನೂ ಹೆದರಲಿಲ್ಲ. ಮೂಲೆಗೆ ಹೋಗಿ ಕೈಮುಗಿದು, "ಇವತ್ತಿಗೇ ನಿನ್ನ ಕಾದಿಟ್ಟಿದ್ದೆ ನೋಡಪ್ಪಾ," ಎಂದು ಸೀರೆ ಸೊಂಟಕ್ಕೆ ಸಿಕ್ಕಿಸಿ, ಉಸಿರು ಬಿಗಿಹಿಡಿದು, ಇದ್ದ ಶಕ್ತಿಯನ್ನೆಲ್ಲ ಹಾಕಿ ಎತ್ತಿದೆ. ಸಿಲಿಂಡರು ಕೂಸಿನ ಹಾಗೆ ತೋಳಿಗೆ ಬಂತು. ನಾನು ಹಿಂದಕ್ಕೆ ವಾಲಿ ಹಿಟ್ಟಿನ ಡಬ್ಬಿಗೆ ಬಡಿದೆ. ಸಿಲಿಂಡರು ನೆಲಕ್ಕೆ ಕುಳಿತು ಠಣ್ ಎಂದು ಗುಡಿಯ ಗಂಟೆಯ ಹಾಗೇ ಬಾರಿಸಿತು.

ಇವರು ಓಡಿ ಬಂದರು. ಸಿಲಿಂಡರು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಮಾಳಿಗೆ ನೋಡತೊಡಗಿದರು.

"ನೀ ತಂಗಿ ಮಗಳ ಕುಬುಸಕ್ಕ ಮಸ್ಕಿಗೆ ಹೋಗಿದ್ದೆಲ್ಲ, ಆವಾಗ ಒಲೀದು ಮುಗೀತು. ಮೂಲೀದು ಹಚ್ಚಿದೆ. ಖಾಲೀದು ಮೂಲ್ಯಾಗ ಇಟ್ಟೆ."

"ಹೇಳಬಾರದೇನ್ರಿ ನನಗ?"

"ಹೇಳಬೇಕಂತ ಬಂದೆ. ನೀ ಬಂದಾಕಿನ ಅದಕ್ಕ ಹೂ ಏರಿಸಿ ಕೈಮುಗದು ನಿಂತಿದ್ದಿ. ಪೂಜಿ ಮಾಡೋರ ಮುಂದ ಖಾಲಿ ಐತಿ ಅಂತ ಹೆಂಗ ಅನ್ನಲಿ? ಆಮ್ಯಾಲ ಮರ್ತೆ."

ದೇಶದ ದಾಸ್ತಾನು ಬಾಯಿಪಾಠವಿದ್ದ ಮನುಷ್ಯ! ಎರಡಕ್ಕೂ ಒಂದೇ ವಿಭೂತಿ ಹಚ್ಚಿ ಗುರುತು ಸಿಗದಂತೆ ಮಾಡಿದವಳು ನಾನು, ಬೈಯಲು ಬಾಯಿ ಎಲ್ಲಿದೆ? ಕರೆಂಟ್ ಒಲೆ ತೆಗೆದೆವು. ಹಿಂದಿನ ದಿನದ ಗಾಳಿಗೆ ಬೇವಿನ ಟೊಂಗೆ ತಂತಿಯ ಮೇಲೆ ಬಿದ್ದು ಓಣಿಯಲ್ಲಿ ಕರೆಂಟೇ ಇರಲಿಲ್ಲ. ಅಷ್ಟರಲ್ಲಿ ಗೋಡೆಯಾಚೆಯಿಂದ ಮಹಬೂಬಿಯ ದನಿ: "ಅಕ್ಕಾರ, ನಮ್ದು ಗ್ಯಾಸ್ ಮುಗೀತ್ರಿ! ನಿಮ್ದು ಕೊಡ್ತೀನಂದಿದ್ರೆಲ್ಲ, ಇವರನ್ನ ಕಳಿಸ್ಲೇನ್ರಿ?"

ನಾನು ಅಲ್ಲೇ ಕುಳಿತು ಅತ್ತೇಬಿಟ್ಟೆ. ಅತ್ತೆ ಮಾತ್ರ ಬತ್ತಿಯ ತಟ್ಟೆ ಬದಿಗಿಟ್ಟು ಎದ್ದರು. "ಅಳೂದು ಆಮ್ಯಾಲ ಅಳುವಂತಿ. ಹಿತ್ತಲದಾಗಿನ ಹೊಟ್ಟಿನ ಒಲಿ ತಗಿ."

ಹೊಟ್ಟಿನ ಒಲೆ ಎಂದರೆ ತಗಡಿನ ಡಬ್ಬಿ, ಕೆಳಗೊಂದು ಕಿಂಡಿ. ನಡುವೆ ಒನಕೆ ನಿಲ್ಲಿಸಿ, ಕಿಂಡಿಗೊಂದು ಕೋಲು ಸೇರಿಸಿ, ಸುತ್ತ ನೆಲ್ಲಿನ ಹೊಟ್ಟು ತುರುಕಿ ಗಟ್ಟಿ ಮಾಡಿ, ಎರಡನ್ನೂ ಮೆಲ್ಲಗೆ ಹೊರಗೆಳೆದು ಕಿಂಡಿಯಲ್ಲಿ ಬೆಂಕಿ ಇಟ್ಟರೆ ಉರಿ ನಡುವಿನ ತೂತಿನಿಂದ ಮೇಲೆ ಬರುತ್ತದೆ. ಅದೆಲ್ಲ ಸರಿ, ಆದರೆ ನಾನು ಅದರಲ್ಲಿ ಪೂಜೆಗೆಂದು ಬಿಲ್ವದ ಸಸಿ ನೆಟ್ಟಿದ್ದೆ.

"ಅತ್ತೀ, ಶ್ರಾವಣ ಸೋಮವಾರ ಬಿಲ್ವ ಕೀಳೂದೇನ್ರಿ? ಶಿವ ಮೆಚ್ಚತಾನ?"

"ಶಿವ ಎಲಿ ಉಣ್ಣಂಗಿಲ್ಲ ಬೇ. ಅಯ್ಯಾರು ಹೋಳಿಗಿ ಉಣ್ತಾರ. ಮಣ್ಣ ಸಮೇತ ಬಕೀಟಿಗೆ ಹಾಕು."

ಬಿಲ್ವ ಬಕೀಟಿಗೆ ಹೋಯಿತು. ಇವರು ಹೊಟ್ಟು ತರಲು ಸ್ಕೂಟರ್ ಹತ್ತಿ ರೈಸ್ ಮಿಲ್ಲಿಗೆ ಹೋದರು. ಎಷ್ಟು ಹೊತ್ತಾದರೂ ಇಲ್ಲ. ಕೊನೆಗೆ ಓಣಿಯ ತುದಿಯಲ್ಲಿ ಕಂಡರು: ಸೀಟಿನ ಮೇಲೆ ಹೊಟ್ಟಿನ ಚೀಲ ಸಾಹುಕಾರನ ಹಾಗೆ ಕುಳಿತಿದೆ, ಇವರು ಬೆವರುತ್ತ ಹಿಂದಿನಿಂದ ತಳ್ಳುತ್ತಿದ್ದಾರೆ. ಪೆಟ್ರೋಲ್ ಮುಗಿದಿತ್ತು. ಅತ್ತೆ, "ಯಾಕೋ, ಗಾಡಿ ಇವತ್ತ ನೆಲ್ಲು ಕುಡೀಲಿಲ್ಲೇನು?" ಎಂದರು.

ಅತ್ತೆ ಹೊಟ್ಟು ತುರುಕಿ ಒನಕೆ ಎಳೆಯುವಾಗ ನಾನು ಉಸಿರಾಡಲಿಲ್ಲ. ತೂತು ಕುಸಿಯಲಿಲ್ಲ, ಒಂದು ಶರಣು. ಬೆಂಕಿ ಇಟ್ಟ ಕೂಡಲೇ ಹೊಗೆ ಎದ್ದು ಹಿತ್ತಲು ಮುಳುಗಿತು. ಅದೇ ಹೊತ್ತಿಗೆ ಮುಂಬಾಗಿಲಲ್ಲಿ ಅಯ್ಯನವರು. ಹೊಗೆಯೊಳಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೋಗಿ ಅಡ್ಡಬಿದ್ದೆ.

"ಅಯ್ಯಾರ, ಬ್ಯಾಳಿ ಇನ್ನೂ ಬೆಂದಿಲ್ಲರಿ," ಎಂದಷ್ಟೇ ಹೇಳಲು ಆಯಿತು.

ಅವರು ಹೊಗೆ ನೋಡಿದರು, ನನ್ನ ಕಣ್ಣು ನೋಡಿದರು. "ಬೇಯಲಿ ಬಿಡು ತಾಯಿ. ನನ್ನ ಪೂಜೀನೂ ಇನ್ನೂ ಶುರು ಆಗಿಲ್ಲ," ಎಂದರು.

ಅವತ್ತಿನಷ್ಟು ದೀರ್ಘವಾದ ಲಿಂಗಪೂಜೆಯನ್ನು ನಮ್ಮ ಮನೆ ಹಿಂದೆಂದೂ ಕಂಡಿರಲಿಲ್ಲ. ಹೊಗೆ ಹರಿದು ಕೆಂಪಗೆ ಉರಿ ಎದ್ದಿತು, ಬೇಳೆ ಬೆಂದಿತು, ಹೂರಣ ರುಬ್ಬಿದ್ದಾಯಿತು. ನಾನು ಮೊದಲ ಹೋಳಿಗೆ ತಿರುವಿ ಹಾಕಿದ ಸದ್ದು ಒಳಗೆ ಕೇಳಿತೋ ಏನೋ, ಅಯ್ಯನವರ ಪೂಜೆ ಮುಗಿಯಿತು. ಹೋಳಿಗೆಗೆ ಚೂರು ಹೊಗೆಯ ವಾಸನೆ ಇತ್ತು. ಅವರು ಮತ್ತೊಂದು ಹಾಕಿಸಿಕೊಂಡು, "ಸಣ್ಣಾಂವಿದ್ದಾಗ ನಮ್ಮವ್ವನ ಕೈಯಾಗಿಂದು ಹಿಂಗ ಇರ್ತಿತ್ತು," ಎಂದರು. ಅದೊಂದು ಮಾತಿಗೆ ಎಷ್ಟು ಶರಣು ಎಂದರೂ ಕಡಿಮೆಯೇ.

ಆದರೆ ಹೊಟ್ಟಿನ ಒಲೆಗೆ ಒಂದು ಗುಣವಿದೆ. ಹಚ್ಚಬಹುದು, ಗ್ಯಾಸಿನ ಹಾಗೆ ತಿರುವಿ ಆರಿಸಲು ಕಿವಿ ಇಲ್ಲ. ಉಂಡೆವು, ಪಾತ್ರೆ ತೊಳೆದೆವು, ಅದು ತನ್ನ ಪಾಡಿಗೆ ಉರಿಯುತ್ತಲೇ ಇತ್ತು. ಸುಮ್ಮನೆ ಉರಿಯುವ ಬೆಂಕಿ ನೋಡಿ ನನಗೆ ಹೊಟ್ಟೆ ಉರಿಯತೊಡಗಿತು. ಗೋಡೆ ಹತ್ತಿ ಮಹಬೂಬಿಯನ್ನು ಕೂಗಿದೆ. ಅವಳು ಹಾಲು, ಬೇಳೆ ಹಿಡಿದು ಬಂದವಳು, "ಗ್ಯಾಸ್ ಕೊಡ್ತೀನಂದು ಒಲಿನೇ ಕೊಟ್ರಲ್ರಿ ಅಕ್ಕಾರ!" ಎಂದು ನಕ್ಕಳು. ಅವಳ ಹಿಂದೆ ಎದುರುಮನೆಯ ಅನ್ನ, ಆಚೆಮನೆಯ ಬಾಣಂತಿಯ ಸ್ನಾನದ ನೀರು. ಸಂಜೆಯ ತನಕ ನಮ್ಮ ಹಿತ್ತಲಲ್ಲಿ ಪಾತ್ರೆಗಳ ಪಾಳಿ. ಇವರು ಕುರ್ಚಿ ಹಾಕಿಕೊಂಡು ಕುಳಿತು, "ನೋಡು, ಮುಂಜಾನಿ ಬೇಡೋ ದೇಶ ಇದ್ವಿ, ಸಂಜಿಗೆ ಕೊಡೋ ದೇಶ ಆದ್ವಿ," ಎಂದು ಹೆಮ್ಮೆಪಟ್ಟರು. ಅತ್ತೆ, "ಸ್ಕೂಟರ್ ತಳ್ಳಿದ ದೇಶ," ಎಂದು ಸೇರಿಸಿದರು.

ಈಗ ಹಡಗುಗಳು ಬಂದಿವೆಯಂತೆ, ನಮ್ಮ ಮನೆಗೂ ಸಿಲಿಂಡರು ಬಂದಿದೆ. ಬಿಲ್ವ ಬಕೀಟಿನಲ್ಲೇ ಚಿಗುರಿದೆ. ಮೂಲೆಯಲ್ಲಿ ಮತ್ತೆ ತುಂಬಿದ್ದು ಕುಳಿತಿದೆ, ಪಕ್ಕದಲ್ಲಿ ಒಂದು ಚೀಲ ಹೊಟ್ಟು. ಎರಡಕ್ಕೂ ವಿಭೂತಿ ಹಚ್ಚಿದ್ದೇನೆ. ದೇಶದ ಎಣ್ಣೆ ಎಷ್ಟು ವರ್ಷ ಬಂದೀತೋ, ನುಚ್ಚಕ್ಕಿ ಎಷ್ಟು ಗಾಡಿ ಓಡಿಸೀತೋ, ಅದನ್ನು ತಿಳಿದವರು ನೋಡಿಕೊಳ್ಳಲಿ. ನನ್ನ ಮೂಲೆಯ ಪೂಜೆಯಲ್ಲಿ ಮಾತ್ರ ಸಣ್ಣದೊಂದು ಬದಲಾವಣೆ ಆಗಿದೆ. ಮೊದಲು ದೂರ ನಿಂತು ಕೈಮುಗಿಯುತ್ತಿದ್ದೆ. ಈಗ ಪ್ರತಿ ಸೋಮವಾರ ಬಾಗಿ, ಎರಡೂ ಕೈಯಿಂದ ಸಿಲಿಂಡರನ್ನು ತಬ್ಬಿ, ಕಣ್ಣು ಮುಚ್ಚಿ, ಒಂದು ಬೆರಳಿನಷ್ಟು ಮೇಲೆತ್ತಿ ಇಳಿಸುತ್ತೇನೆ. ಮೊನ್ನೆ ಅತ್ತೆ ಮಹಬೂಬಿಯ ಮುಂದೆ ಹೇಳುತ್ತಿದ್ದರು: "ನಮ್ಮ ಸೊಸೀಗೆ ಆವತ್ತಿನಿಂದ ಭಕ್ತಿ ಭಾಳ ಹೆಚ್ಚಾಗೈತಿ ನೋಡವ್ವಾ." ನಾನು ವಿನಯದಿಂದ ತಲೆ ತಗ್ಗಿಸಿದೆ.