ಗೋಡೆಯಲ್ಲಿ ಉಳಿದ ತಲೆ

"ಇದು ಗೋಡೆ ಅಲ್ಲ ಕಣ್ರೀ ಶಿವರಾಜ್, ಎಣ್ಣೆ ಗಾಣ!"

ಪಕ್ಕದ ಮನೆಯ ಜಲಜಮ್ಮ ಕಿಟಕಿಯಿಂದಲೇ ತೀರ್ಪು ಕೊಟ್ಟರು. ನವುಲೆ ಬಡಾವಣೆಯ ಆ ಮನೆಯ ಕೆಳಗಿನ ಭಾಗದಲ್ಲಿ ಬಾಡಿಗೆಗಿದ್ದ ಮೇಷ್ಟ್ರು ವರ್ಷಾನುಗಟ್ಟಲೆ ತಲೆಗೆ ಕೊಬ್ಬರಿ ಎಣ್ಣೆ ಮೆತ್ತಿಕೊಂಡು, ಒಂದೇ ಜಾಗದಲ್ಲಿ ಗೋಡೆಗೊರಗಿ ಟಿವಿ ನೋಡಿ, ಈಗ ಖಾಲಿ ಮಾಡಿ ಹೋಗಿದ್ದರು. ತಲೆ ಮಾತ್ರ ಗೋಡೆಯಲ್ಲೇ ಉಳಿದಿತ್ತು. ಸೆಟ್ ದೋಸೆಯಷ್ಟು ಅಗಲ, ದುಂಡಗೆ, ಮಿರಮಿರ.

ಮಹಡಿಯಲ್ಲಿದ್ದ ಮಾಲೀಕ ಶಿವರಾಜನಿಗೆ ಬೆಳಗಿನಿಂದ ಆ ಎಣ್ಣೆಕಲೆಯದೇ ಚಿಂತೆ. ಸಂಜೆ ಹೊಳಲೂರಿನ ಉಜ್ಜನಪ್ಪನವರು ಮನೆ ನೋಡಲು ಬರುವವರಿದ್ದರು. ಅವರು ಒಪ್ಪದಿದ್ದರೆ ಭದ್ರಾವತಿಯ ಬಾಮೈದ ಲೋಹಿತ್ ಕೆಳಗಿನ ಮನೆಗೆ ಪುಕ್ಕಟೆ ಬರುತ್ತಾನೆಂದು ಹೆಂಡತಿ ಜಗದಾಂಬಾ ಸಾರಿಬಿಟ್ಟಿದ್ದಳು. ಹಿಂದೊಮ್ಮೆ ಹಬ್ಬಕ್ಕೆಂದು ಬಂದ ಲೋಹಿತ್ ಮುಂದಿನ ಹಬ್ಬ ಮುಗಿಸಿಯೇ ಹೊರಟಿದ್ದ.

ಮಹಡಿಯ ಹಾಲ್‌ನ ಗೋಡೆಗೆ ಮೊನ್ನೆ ತಾನೇ ಹೊಡೆಸಿ ಉಳಿದಿದ್ದ ಕೆನೆಬಣ್ಣವನ್ನು ತಂದು ಶಿವರಾಜ್ ಬಳಿದ. ಒಣಗುವಷ್ಟರಲ್ಲಿ ಕಲೆ ನಿಧಾನವಾಗಿ ಮೇಲೆದ್ದು ಬಂತು, ಮಧ್ಯಾಹ್ನದ ನಿದ್ದೆಯಿಂದ ಎದ್ದ ಮೇಷ್ಟ್ರ ಹಾಗೆ. ಇನ್ನೊಂದು ಕೋಟ್. ಮತ್ತೆ ಎದ್ದರು ಮೇಷ್ಟ್ರು!

"ಸೀಗೆಕಾಯಿ ಹಾಕಿ ಉಜ್ರೀ! ಎಣ್ಣೆತಲೆಗೆ ಮತ್ತೇನ್ ಹಾಕ್ತಾರೆ?" ಎಂದರು ಜಲಜಮ್ಮ.

ಉಜ್ಜಿದ. ಕಲೆಗೆ ಕಂದು ಬಣ್ಣದ ಅಂಚೂ ಬಂತು.

ಎದುರುಮನೆಯ ಜ್ಞಾನೇಶ್ ಪಂಚೆ ಎತ್ತಿಕಟ್ಟಿ ಓಡಿಬಂದ. "ಅಯ್ಯೋ ಮಾರಾಯ, ಪಾಲಿಶ್ ಪೇಪರ್ ಕೊಡು ಇಲ್ಲಿ!" ತಿಕ್ಕಿದ ರಭಸಕ್ಕೆ ಗಾರೆ ಉದುರಿ ಗುಂಡಿಯಾಯಿತು. ಗುಂಡಿ ತುಂಬಲು ಪುಟ್ಟಿ ಮೆತ್ತಿದರು. ಗುಂಡಿಯ ಸುತ್ತ ಮೇಷ್ಟ್ರ ಕಿವಿಗಳು ಇನ್ನೂ ಕಾಣುತ್ತಿದ್ದವು.

"ಕ್ಯಾಲೆಂಡರ್ ನೇತ್ಹಾಕೋ, ಮುಗೀತು!" ಎಂದ ಜ್ಞಾನೇಶ್.

ಶಿವರಾಜ್ ಮೊಳೆ ಹೊಡೆದ. ಗಾರೆ, ಮೊಳೆ, ಕ್ಯಾಲೆಂಡರ್ ಒಟ್ಟಿಗೇ ಕೆಳಗೆ ಬಿದ್ದವು. ಅದೇ ಹೊತ್ತಿಗೆ ಗೇಟು ಕಿರ್ರ್ ಎಂದಿತು. ಬೇರೆ ದಾರಿ ಕಾಣದೆ ಅವನು ತಾನೇ ಗೋಡೆಗೆ ಬೆನ್ನು ಕೊಟ್ಟು ನಿಂತ.

"ಯಾಕಪ್ಪಾ, ಗೋಡೆ ಬೀಳುತ್ತೇನು?" ಉಜ್ಜನಪ್ಪನವರು ಅವನ ತೋಳು ಹಿಡಿದೆಳೆದರು. ಹಸಿ ಪುಟ್ಟಿ ಅಂಗಿಯ ಜೊತೆ ಬಂತು, ಕಲೆ ಅಲ್ಲೇ ಇತ್ತು. ಅವರು ಮುಟ್ಟಿ ಮೂಸಿದರು.

"ಕೊಬ್ಬರಿ ಎಣ್ಣೆ! ಹಿಂದಿನೋರು ಎಷ್ಟು ವರ್ಷ ಇದ್ರು?"

"ಹ... ಹನ್ನೆರಡು ಸಾರ್."

"ಹಂಗಾದ್ರೆ ಮನೆ ನಂಗೇ ಇರ್ಲಿ! ಕಿರಿಕಿರಿ ಮಾಡೋ ಓನರ್ ಆಗಿದ್ರೆ ತಲೆ ಇಷ್ಟು ನೆಮ್ಮದಿಯಾಗಿ ಒಂದೇ ಕಡೆ ಒರಗ್ತಿತ್ತಾ?"

ಶಿವರಾಜ್ ಮೆಟ್ಟಿಲು ಹಾರಿ ಮೇಲೆ ಓಡಿದ. "ಜಗದಾಂಬಾ! ಮನೆ ಬಾಡಿಗೆಗೆ ಹೋಯ್ತು! ಲೋಹಿತ್‌ಗೆ ಜಾಗ ಇಲ್ಲ ಅಂತ ಹೇಳ್ಬಿಡು!"

"ಅಯ್ಯೋ, ಕಲೆ ಹೋಗಲ್ಲ ಅಂತ ಬೆಳಿಗ್ಗೇನೇ ಫೋನ್ ಮಾಡ್ಬಿಟ್ಟೆ ಕಣ್ರೀ..."

"ಪರವಾಗಿಲ್ಲ ಭಾವ," ಹಾಲ್‌ನಿಂದ ಲೋಹಿತನ ದನಿ ಬಂತು. "ಕೆಳಗೆ ಒಬ್ನೇ ಇರೋಕೆ ನಂಗೂ ಬೇಜಾರಿತ್ತು. ಇಲ್ಲೇ ನಿಮ್ಜೊತೆ ಇರ್ತೀನಿ. ಅಕ್ಕ ತಲೆಗೆ ಎಣ್ಣೆ ತಟ್ಟಿದ್ಳು, ಏನ್ ತಂಪು ಅಂತೀರಾ! ರಿಮೋಟ್ ಎಲ್ಲಿದೆ?"

ಶಿವರಾಜ್ ಬಾಯಿ ತೆರೆಯುವಷ್ಟರಲ್ಲಿ ಲೋಹಿತ್ ಕಾಲು ಚಾಚಿ, ಮಿರುಗುವ ತಲೆಯನ್ನು ಕೆನೆಬಣ್ಣದ ಗೋಡೆಗೆ ಹಿತವಾಗಿ ಒರಗಿಸಿದ.