ಹಳ್ಳದಾಚೆಯ ಕಿವಿ

ನನಗೆ ಕೂಗಲು ಬರುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಈಜು ಬರುವುದಿಲ್ಲ, ಸೈಕಲ್ ಬರುವುದಿಲ್ಲ ಎಂದು ಕೆಲವರು ಒಪ್ಪಿಕೊಳ್ಳುತ್ತಾರಲ್ಲ, ಹಾಗೆ ಒಪ್ಪಿಕೊಳ್ಳುತ್ತಿದ್ದೇನೆ. ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಸಿಸ್ಟರ್ ಒಬ್ಬರು ಹತ್ತು ವರ್ಷ ನಮ್ಮ ತಲೆಗೆ ತುಂಬಿದ ಪಾಠ ಒಂದೇ: ಒಳ್ಳೆಯ ಹುಡುಗಿಯ ದನಿ ಪಕ್ಕದ ಬೆಂಚಿಗೆ ಕೇಳಿಸಬಾರದು. ಗಣಿತ ಮರೆತಿದ್ದೇನೆ, ಭೂಗೋಳ ಮರೆತಿದ್ದೇನೆ, ಇದೊಂದು ಮರೆತಿಲ್ಲ. ಬೀದರಿನ ನಮ್ಮ ಗಲ್ಲಿಗೆ ತರಕಾರಿ ಗಾಡಿ ಬಂದರೆ ನಾನು ಬಾಗಿಲಲ್ಲಿ ನಿಂತು "ಭಯ್ಯಾ, ಜರಾ ನಿಲ್ತೀರಾ" ಎನ್ನುವಷ್ಟರಲ್ಲಿ ಅವನ ಬದನೆಕಾಯಿ ಮೂರು ಮನೆ ದಾಟಿರುತ್ತದೆ. ಆಟೋ ಬೇಕಾದರೆ ಕೊಡೆ ಬೀಸುತ್ತೇನೆ. ಬಿಸಿಲಿರಲಿ, ಮಳೆಯಿರಲಿ, ಕೊಡೆಯಿಲ್ಲದೆ ನನಗೆ ಆಟೋ ಇಲ್ಲ. "ನಿನ್ನ ಮಾತು ಕೇಳಬೇಕಂದ್ರ ಮೊದಲ ಫ್ಯಾನ್ ಬಂದ್ ಮಾಡಬೇಕು ನೋಡು" ಎಂದು ನಮ್ಮ ಮನೆಯವರು ನೆಂಟರೆದುರು ಹೇಳಿ ನಗುತ್ತಾರೆ. ಚಳಿಗಾಲದಲ್ಲಿ ಮಾತ್ರ ನಮ್ಮ ಸಂಸಾರದಲ್ಲಿ ನನ್ನ ಅಭಿಪ್ರಾಯಕ್ಕೆ ಬೆಲೆ ಬರುವುದು ಹೀಗೆ.

ಇಂಥವಳ ತಮ್ಮನಿಗೆ ಈ ಸಲದ ಮಳೆಗಾಲದಲ್ಲೇ ಹೆಣ್ಣು ಮಗು ಹುಟ್ಟಬೇಕೆ? ತಮ್ಮ ಸಂಜು ಇರುವುದು ಭಾಲ್ಕಿಯಲ್ಲಿ. ಅವನ ಹೆಂಡತಿಯ ತವರು ಔರಾದ ತಾಲ್ಲೂಕಿನ ಎಕಂಬಾ. ತೊಟ್ಟಿಲ ಕಾರ್ಯ ತವರಲ್ಲೇ ಆಗಬೇಕು, ಮಗುವಿಗೆ ಹೆಸರಿಡುವವಳು ಸೋದರತ್ತೆ, ಅಂದರೆ ನಾನು. ನಮ್ಮ ಕಡೆ ಇದೊಂದು ಸೊಗಸಾದ ಪದ್ಧತಿ. ಸೋದರತ್ತೆ ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಯಲ್ಲಿ "ಕುರ್ರ್" ಎಂದು, ಯಾರಿಗೂ ಕೇಳಿಸದಂತೆ ಹೆಸರನ್ನು ಉಸುರಬೇಕು. ಅವಳು ಉಸುರುತ್ತಿರುವಾಗಲೇ ಹಿಂದೆ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಗುದ್ದು ಏಕೆ ಎಂದು ನಾನು ಯಾರನ್ನೂ ಕೇಳಿಲ್ಲ. ಕೇಳಿದರೂ ಯಾರಿಗೂ ಕೇಳಿಸುತ್ತಿರಲಿಲ್ಲ. ಅಂತೂ ಪಿಸುಮಾತೇ ಅರ್ಹತೆಯಾದ ಕೆಲಸವೊಂದು ಈ ಜಗತ್ತಿನಲ್ಲಿ ಇದೆಯಲ್ಲ, ಅದು ನನ್ನ ಪಾಲಿಗೇ ಬಂತಲ್ಲ ಎಂದು ಹಿಗ್ಗಿಹೋದೆ. ಬಹಳ ದಿನ ಯೋಚಿಸಿ ಹೆಸರು ಆರಿಸಿದೆ: ಮೌನಾ. ಮನೆತನದಲ್ಲಿ ನನ್ನ ಜೊತೆಗೆ ಇನ್ನೊಬ್ಬಳಿರಲಿ ಎಂಬ ಒಳ ಆಸೆ. ತಮ್ಮನಿಗೂ ಹೇಳಲಿಲ್ಲ, ಮನೆಯವರಿಗೂ ಹೇಳಲಿಲ್ಲ. ಕಿವಿಗೆ ಬೀಳುವ ತನಕ ಗುಟ್ಟು ಗುಟ್ಟಾಗಿಯೇ ಇರಬೇಕಲ್ಲವೇ?

ಆಗ ಶುರುವಾಯಿತು ಮಳೆ. ಮೂರು ದಿನ ಬಿಡದೆ ಸುರಿಯಿತು. ಗಾಳಿಗೆ ನಮ್ಮ ಎದುರು ಮನೆಯ ತಗಡು ಹಾರಿ ನಮ್ಮ ಮಹಡಿಗೆ ಬಂತು, ನಮ್ಮ ಮಹಡಿಯಲ್ಲಿದ್ದ ಹಪ್ಪಳದ ಪ್ಲಾಸ್ಟಿಕ್ ಹಾಳೆ ಎತ್ತಲೋ ಹೋಯಿತು. ಕರೆಂಟ್ ಹೋಯಿತು, ಅದರ ಹಿಂದೆಯೇ ಔರಾದ ಕಡೆಯ ಫೋನುಗಳೆಲ್ಲ ಸತ್ತವು. ತೊಟ್ಟಿಲಿನ ದಿನ ಬೆಳಿಗ್ಗೆ ಸ್ವಲ್ಪ ಹೊಳವಾದದ್ದೇ ತಡ, ಐದು ಕಿಲೋ ಪೇಢೆಯ ಡಬ್ಬಗಳನ್ನು ಕಾರಿಗೆ ತುಂಬಿಕೊಂಡು ನಾನೂ ಮನೆಯವರೂ ಹೊರಟುಬಿಟ್ಟೆವು. ದಾರಿಯುದ್ದಕ್ಕೂ ತೊಗರಿ ಹೊಲಗಳು ಕೆರೆಗಳಾಗಿದ್ದವು. ಒಂದು ಊರಲ್ಲಿ ಜನ ಗೋಧಿ ಚೀಲಗಳನ್ನೂ ಮುದುಕರನ್ನೂ ಶಾಲೆಯ ಜಗಲಿಗೆ ಏರಿಸಿ, ಅಲ್ಲೇ ದೊಡ್ಡ ಪಾತ್ರೆಯಲ್ಲಿ ಚಹಾ ಕುದಿಸುತ್ತಿದ್ದರು. ನೋಡಿದಾಗ ಹಿಂದಿರುಗಿಬಿಡೋಣವೇ ಎನ್ನಿಸಿತು. ಮೆಲ್ಲಗೆ ಹಾಗೆಂದೆ ಕೂಡ. ಕಾರಿನ ಫ್ಯಾನ್ ತಿರುಗುತ್ತಿತ್ತು.

ಎಕಂಬಾಕ್ಕೆ ಇನ್ನೆರಡು ಮೈಲು ಇರುವಾಗ ರಸ್ತೆ ಮುಗಿಯಿತು. ಮುಗಿದದ್ದು ಕುರಿಗಳಿಂದ. ಒಂದು ಬಸ್ಸು, ಒಂದು ಟ್ರ್ಯಾಕ್ಟರ್ ನಿಂತಿದ್ದವು. ಅವುಗಳ ಮುಂದೆ ರಸ್ತೆಯ ಈ ಅಂಚಿನಿಂದ ಆ ಅಂಚಿನವರೆಗೆ ಕುರಿಹಿಂಡು ಮಲಗಿತ್ತು. ಹಿಂಡಿನಾಚೆ ಸೇತುವೆ ಇರಬೇಕಾದಲ್ಲಿ ಕೆಂಪು ನೀರು ಭೋರ್ಗರೆಯುತ್ತಿತ್ತು. ಕಂಬಳಿ ಹೊದ್ದ ಮುದುಕರೊಬ್ಬರು ಕೋಲೂರಿ ಕೂತಿದ್ದರು. ಬಸ್ಸಿನವರು ಅವರನ್ನು ಬೀರಪ್ಪ ಕಾಕಾ ಎನ್ನುತ್ತಿದ್ದರು.

ನಮ್ಮವರು ಇಳಿದು ಪ್ಯಾಂಟು ಮಡಚಿ ನೋಡಿ, "ಕಾಕಾ, ಕುರಿ ಜರಾ ಬಾಜೂ ಮಾಡ್ರಿ. ನೀರು ಮೊಳಕಾಲ ಮಟ್ಟಾನೂ ಇಲ್ಲ. ಹಗೂರಕ ದಾಟಸ್ತೇನಿ" ಎಂದರು.

"ಸಾಹೇಬ್ರೆ, ನೀರಿನ ಮ್ಯಾಲ್ಮೈ ನಿಮಗ ಕಾಣ್ತದ. ತಳಾ ಯಾರಿಗ ಕಂಡದ್ರಿ?" ಎಂದರು ಕಾಕಾ, ಏಳದೆಯೇ. "ಒಂದು ಕೆಲಸ ಮಾಡ್ರಿ. ನನ್ನ ಒಂದು ಕುರಿ ದಾಟಸ್ರಿ. ಅದು ಹೋದ್ರ ಅದರ ಹಿಂದ ನೀವೂ ಹೋಗ್ರಿ."

ನಮ್ಮವರು ಮರ್ಯಾದೆಯ ಪ್ರಶ್ನೆಯೆಂದು ಒಂದು ಕುರಿಯನ್ನು ಹಿಂದಿನಿಂದ ತಳ್ಳಿದರು. ಕುರಿ ಕದಲದೆ ಇವರನ್ನು ತಿರುಗಿ ನೋಡಿದ ರೀತಿಯನ್ನು ನಾನು ಮದುವೆಯಾದ ಹೊಸತರಲ್ಲಿ ನಮ್ಮ ಅತ್ತೆಯವರ ಮುಖದಲ್ಲಿ ಕಂಡಿದ್ದೆ. ಬಸ್ಸಿನ ಕಿಟಕಿಗಳೆಲ್ಲ ನಕ್ಕವು. ನೀರಿಳಿದ ಮೇಲೆ ನೋಡಿದರೆ ಆ ಸೇತುವೆಯ ನಡುಭಾಗ ಕಾರಿನಗಲಕ್ಕೆ ಕಿತ್ತುಹೋಗಿತ್ತು. ಆ ಮಾತು ಬಂದಾಗ ನಮ್ಮವರು ಈಗಲೂ ಫ್ಯಾನ್ ಹಾಕಲು ಎದ್ದು ಹೋಗುತ್ತಾರೆ.

ಅಷ್ಟರಲ್ಲಿ ಆಚೆ ದಂಡೆಯಲ್ಲಿ ಮೋಟಾರ್ ಸೈಕಲ್ ಬಂದು ನಿಂತಿತು. ಸಂಜು! ನಮ್ಮ ದಾರಿ ನೋಡಲು ಬಂದಿದ್ದ. ಅವನು ಎರಡೂ ಕೈಯಿಂದ ತೊಟ್ಟಿಲು ತೂಗಿ ತೋರಿಸಿದ, ಆಮೇಲೆ ಬಾಯಿ ತೋರಿಸಿದ, ಆಮೇಲೆ ಕಿವಿ. ಮಂದಿ ಸೇರಿದ್ದಾರೆ, ಹೆಸರು ಹೇಳು, ನನ್ನ ಕಿವಿಯೇ ಕೂಸಿನ ಕಿವಿ ಎಂದುಕೋ ಎಂದು ಅದರ ಅರ್ಥ. ಈಗ ಹೇಳದಿದ್ದರೆ ಆ ಮನೆಯವರು ತಮಗೆ ತೋಚಿದ ಹೆಸರಿಟ್ಟುಬಿಡುತ್ತಾರೆ. ಒಮ್ಮೆ ಕಿವಿಗೆ ಬಿದ್ದದ್ದನ್ನು ಯಾರು ಹೊರತೆಗೆಯುತ್ತಾರೆ? ನನ್ನ ಮೌನಾ ಹಳ್ಳದ ಈಚೆಯೇ ಉಳಿಯುತ್ತಾಳೆ.

ಚೀಟಿಯಲ್ಲಿ ಬರೆದೆ. ಕಾನ್ವೆಂಟಿನ ಅಕ್ಷರ, ಮುತ್ತು ಪೋಣಿಸಿದಂತೆ. ಕಲ್ಲಿಗೆ ಕಟ್ಟಿ ನಮ್ಮವರ ಕೈಗೆ ಕೊಟ್ಟೆ. ಕಾಲೇಜಿನಲ್ಲಿ ತಾವು ಬೌಲರ್ ಆಗಿದ್ದುದನ್ನು ಬಸ್ಸಿನವರಿಗೆಲ್ಲ ತಿಳಿಸಿ, ಓಡಿಬಂದು ಎಸೆದರು. ಕಲ್ಲು ಹಳ್ಳದ ನಡುವೆ ಬಿತ್ತು.

"ಹೆಸರು ಕೊಡ್ರಿ ಯವ್ವಾ, ನಾ ಒದರ್ತೇನಿ. ನನ್ನ ದನಿ ಎರಡು ಊರು ದಾಟ್ತದ" ಎಂದರು ಬೀರಪ್ಪ ಕಾಕಾ.

"ಏ ಕಾಕಾ, ನೀ ಏನು ಕೂಸಿನ ಸೋದರತ್ತಿ ಏನು?" ಬಸ್ಸಿನಿಂದಿಳಿದ ಕಮಲನಗರದ ಹೆಂಗಸೊಬ್ಬಳು ಸೊಂಟಕ್ಕೆ ಕೈಯಿಟ್ಟು ಬಂದಳು. "ಆಕಿ ಬಾಯಿಲೇ ಬರಬೇಕು. ಅಕ್ಕಾ, ನೀವು ಒದರ್ರಿ. ಬೆನ್ನಿಗಿ ನಾವು ಇದ್ದೇವಿ."

ನಾನು ಹಳ್ಳದ ಕಡೆ ತಿರುಗಿ, "ಸಂಜೂ..." ಎಂದೆ. ಪಕ್ಕದಲ್ಲಿದ್ದ ಕುರಿಗೂ ಕೇಳಿಸಲಿಲ್ಲ.

"ಗಂಟಲಾಗಿಂದಲ್ರಿ ಯವ್ವಾ, ಹೊಟ್ಟ್ಯಾಗಿಂದ!" ಕಾಕಾ ಕೈಗಳನ್ನು ಬಾಯಿಯ ಸುತ್ತ ಹಿಡಿದು ತೋರಿಸಿದರು. "ತೋಳ ಬಂದು ಮರಿ ಹೊತ್ತದ ಅಂತ ತಿಳ್ಕೋರಿ."

ಕಣ್ಣು ಮುಚ್ಚಿದೆ. ಸಿಸ್ಟರ್ ಅವರಲ್ಲಿ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. "ಕುರ್ರ್ ಮೊದಲ, ಕುರ್ರ್!" ಎಂದಳು ಕಮಲನಗರದವಳು. "ಕುರ್ರ್ರ್!" ಎಂದು ಆರ್ಭಟಿಸಿದೆ. ಕುರಿಗಳು ದಡಬಡಿಸಿ ಎದ್ದು ನಿಂತವು. ಅದೇ ಹೊತ್ತಿಗೆ ಹಿಂದಿನಿಂದ ಹೆಸರು ಗೊತ್ತಿಲ್ಲದ ಹತ್ತಾರು ಮುಷ್ಟಿಗಳು ಬೆನ್ನಿಗೆ ಬಿದ್ದವು. ಆ ಗುದ್ದಿಗೇ ಇರಬೇಕು, ನನ್ನೊಳಗೆ ಎಲ್ಲೋ ಸಿಕ್ಕಿಕೊಂಡಿದ್ದ ದನಿಯೊಂದು ಬಿರಡೆ ಕಿತ್ತಂತೆ ಹೊರಬಿತ್ತು: "ಮೌ... ನಾ... ಮೌ... ನಾ..."

"ಮೌನ ಅಂತ ಇಷ್ಟು ಜೋರಲೇ ಒದರಿದಾಕಿ ನೀನೇ ಮೊದಲಿನಾಕಿ" ಎಂದರು ನಮ್ಮವರು, ಎರಡೂ ಕಿವಿ ಮುಚ್ಚಿಕೊಂಡು.

ಆಚೆಯಿಂದ ಸಂಜು ಏನೋ ಕೇಳಿದ. ಭೋರ್ಗರೆತದಲ್ಲಿ "...ಮುನಾ?" ಎಂದಷ್ಟೇ ತೇಲಿಬಂತು. ಹೌದು ಹೌದು ಎಂದು ನಾನು ತಲೆ, ಕೈ, ಕೊಡೆ ಎಲ್ಲವನ್ನೂ ಆಡಿಸಿದೆ. ಅವನು ಎರಡೂ ಕೈ ಎತ್ತಿ ಕುಣಿದು, ಗಾಡಿ ತಿರುಗಿಸಿ ಹೊರಟೇಹೋದ. ಈಚೆ ದಂಡೆಯಲ್ಲಿ ಚಪ್ಪಾಳೆ. ಐದು ಕಿಲೋ ಪೇಢೆ ಬಸ್ಸಿನವರ, ಟ್ರ್ಯಾಕ್ಟರಿನವರ, ಕಾಕಾರವರ ಬಾಯಿಗಳಲ್ಲಿ ಹಂಚಿಹೋಯಿತು. ಕಾರಿನಲ್ಲಿ ವಾಪಸು ಬರುವಾಗ ನನ್ನ ದನಿ ಪೂರ್ತಿ ಕೂತಿತ್ತು. ಬೆನ್ನು ಸೀಟಿಗೆ ತಾಗಿಸಲಾಗುತ್ತಿರಲಿಲ್ಲ. ಜೀವನದಲ್ಲಿ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

ನಾಲ್ಕು ದಿನಗಳ ಮೇಲೆ ಬೇರೆ ದಾರಿಯಿಂದ ಸುತ್ತಿಬಳಸಿ ಎಕಂಬಾ ಮುಟ್ಟಿದೆವು. ಬೀಗರ ಮನೆಗೂ ನೀರು ನುಗ್ಗಿತ್ತು. ಗೋಡೆಯ ಮೇಲೆ ಮೊಳದೆತ್ತರಕ್ಕೆ ಕೆಸರಿನ ಗೆರೆ. ಅಂಗಳದ ತುಂಬ ಒಣಗಲು ಹರಡಿದ ಉದ್ದು. ಮರದ ತೊಟ್ಟಿಲು ನೆನೆದು ಉಬ್ಬಿದ್ದರಿಂದ ತೊಲೆಗೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಕೂಸು. ತೊಟ್ಟಿಲಿನ ದಿನದ ಹೋಳಿಗೆಯನ್ನೆಲ್ಲ ನೀರು ಹೊಕ್ಕ ತಗ್ಗಿನ ಓಣಿಯವರಿಗೆ ಹಂಚಿದ್ದರಂತೆ. ಜೋಳಿಗೆಯ ಮೇಲಿನ ಗೋಡೆಗೆ ಬಣ್ಣದ ಕಾಗದದ ಅಕ್ಷರ ಅಂಟಿಸಿದ್ದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಜಮುನಾ.

ಸಂಜುವಿನ ಕಡೆ ನೋಡಿದೆ. ಅವನು ಉದ್ದಿನ ಕಡೆ ನೋಡುತ್ತಿದ್ದ. ಬಾಯಿ ತೆರೆಯುವಷ್ಟರಲ್ಲಿ ಅವನ ಅತ್ತೆ, ಅಂದರೆ ಕೂಸಿನ ಅಜ್ಜಿ, ಒಳಗಿನಿಂದ ಓಡಿಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

"ಯವ್ವಾ, ನಮ್ಮವ್ವನ ಹೆಸರು ನಿಮಗ ಹ್ಯಾಂಗ ತಿಳೀತ್ರಿ? ಹೋದ ವರ್ಷ ಹೋದಳು ನಮ್ಮವ್ವ. ಆಕಿ ಹೆಸರು ಇಡ್ರಿ ಅಂತ ನಿಮ್ಮ ಮುಂದ ಹ್ಯಾಂಗ ಅನ್ಲಿ? ಹೆಸರಿನ ಹಕ್ಕು ನಿಮ್ಮದು. ಮಗಳ ಮುಂದ ಒಮ್ಮೆ ಅಂದು ಸುಮ್ಮನಾಗಿದ್ದೆ. ಅಷ್ಟು ದೊಡ್ಡ ನೀರು ದಾಟಿ ನಮ್ಮವ್ವ ನಿಮ್ಮ ಬಾಯಾಗ ಬಂದಾಳಲ್ರಿ!"

ಮಗಳ ಮುಂದೆ ಅಂದದ್ದು ಅಳಿಯನ ಕಿವಿ ಮುಟ್ಟದೆ ಇರುತ್ತದೆಯೇ? ಮತ್ತೆ ಸಂಜುವನ್ನು ನೋಡಿದೆ. "ಹಳ್ಳದ ಸಪ್ಪಳ ಭಾಳ ಇತ್ತಕ್ಕಾ" ಎಂದು ಅವನು ಉದ್ದಿಗೆ ಹೇಳಿದ. ನಮ್ಮವರು ಏನೋ ಹೇಳಲು ಬಾಯಿ ತೆರೆದರು. ಅವರ ಕಾಲನ್ನು ನಾನು ಮೆಲ್ಲಗೆ ತುಳಿದೆ.

"ಬರ್ರಿ, ಕಿವ್ಯಾಗ ನೀವು ಹೇಳೇ ಇಲ್ಲಲ್ರಿ. ಅದೊಂದು ಆಗಿಬಿಡ್ಲಿ" ಎಂದು ಅಜ್ಜಿ ಓಣಿಯ ಹೆಂಗಸರನ್ನು ಕರೆದರು. ನಾನು ಜೋಳಿಗೆಗೆ ಬಾಗಿದೆ. ಕೂಸು ಕಣ್ಣು ಪಿಳಿಪಿಳಿ ಬಿಟ್ಟು ನನ್ನನ್ನೇ ನೋಡುತ್ತಿತ್ತು. ನನ್ನ ಬಾಯಿಗೂ ಅದರ ಕಿವಿಗೂ ನಡುವೆ ಈಗ ಹಳ್ಳವಿರಲಿಲ್ಲ, ಸಂಜು ಇರಲಿಲ್ಲ; ನಾನು ಏನು ಹೇಳಿದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಕುರ್ರ್ ಎಂದೆ. ಆಮೇಲೆ ತಪ್ಪಾಗಿ ಕೇಳಿಸಲು ಆಸ್ಪದವೇ ಇಲ್ಲದಂತೆ, ಸ್ಪಷ್ಟವಾದ ಉಚ್ಚಾರದಲ್ಲಿ, "ಜಮುನಾ" ಎಂದೆ.

ಬೆನ್ನ ಮೇಲೆ ಗುದ್ದುಗಳು ಬಿದ್ದವು. ಅವುಗಳಲ್ಲಿ ಒಂದು ಉಳಿದವಕ್ಕಿಂತ ಬಹಳ ಜೋರಾಗಿತ್ತು. ಯಾರದೆಂದು ತಿರುಗಿ ನೋಡಲಿಲ್ಲ. ಮಾಡದ ಉಪಕಾರಕ್ಕೆ ಇಷ್ಟು ಹೊಗಳಿಕೆ ಜೇಬಿಗಿಳಿಸಿದವಳಿಗೆ ಅದು ಸಲ್ಲಬೇಕಾದದ್ದೇ ಎನ್ನಿಸಿತು.