ಮೂರನೇ ಬೆಂಚಿನ ಕಿವಿ

ರಜೆಯಲ್ಲಿ ಬಡಗಿ ಬಂದು ಕಾಲೇಜಿನ ಹಳೇ ಬೆಂಚು, ಡೆಸ್ಕುಗಳ ಬಣ್ಣ ಹೆರೆಯದೇ ಇದ್ದಿದ್ದರೆ ಇತಿಹಾಸದ ಮೇಷ್ಟ್ರ ಮರ್ಯಾದೆಗೆ ಏನೂ ಆಗುತ್ತಿರಲಿಲ್ಲ. ಪಾಪ, ಬಡಗಿಯದೂ ತಪ್ಪಲ್ಲ. ಹೆರೆ ಅಂದಿದ್ದರು, ಹೆರೆದ.

ಕಾಲೇಜು ತೆರೆದ ಮೊದಲ ದಿನ ಹಾಜರಿ ಕೂಗುತ್ತಾ ಬೆಂಚುಗಳ ನಡುವೆ ಬಂದ ಮೇಷ್ಟ್ರು ಮೂರನೆಯದರ ಹತ್ತಿರ ಗಕ್ಕನೆ ನಿಂತರು. ಡೆಸ್ಕಿನ ಮೇಲೆ ಕೈವಾರದ ಮೊನೆಯಲ್ಲಿ ಕೊರೆದ ಒಂದು ಮುಖ. ಬೋಳು ತಲೆ, ಆಚೆಗೊಂದು ಈಚೆಗೊಂದು ಮೊರದಗಲದ ಕಿವಿ. ಮೇಷ್ಟ್ರ ಕೈ ತಂತಾನೇ ತಮ್ಮ ಬೋಳು ತಲೆ ಸವರಿ, ಅಲ್ಲಿಂದ ಕಿವಿಗಿಳಿಯಿತು. ಅನುಮಾನವೇ ಬೇಡ, ತಾವೇ.

"ಯಾರು ಇದನ್ನ ಕೊರೆದಿದ್ದು?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಹುಡುಗರಿಗೆ ತನ್ನ ಮೇಲೆ ಗೌರವ ಇದೆ ಎಂಬುದೊಂದನ್ನೇ ನಂಬಿ ಹದಿನೆಂಟು ವರ್ಷ ಪಾಠ ಹೇಳಿದ ಜೀವ ಅದು. ನಿಜಕ್ಕೂ ನೊಂದುಕೊಂಡಿತು.

ದೂರು ಕೇಳಿ ಪ್ರಿನ್ಸಿಪಾಲರೇ ಬಂದರು. ಚಳಿಗೆಂದು ತಲೆ, ಕಿವಿ ಸೇರಿಸಿ ಮಫ್ಲರ್ ಸುತ್ತಿಕೊಂಡಿದ್ದ ಆ ಹಿರಿಯರು ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಚೆನ್ನಾಗೇ ಬಿಡಿಸಿದ್ದಾನಲ್ರೀ."

"ಸಾರ್!"

"ಹೋಗ್ಲಿ ಬಿಡಿ, ಹುಡುಗುಬುದ್ಧಿ."

"ಬಿಡೋ ಮಾತೇ ಇಲ್ಲ ಸಾರ್. ಮಾಡಿದೋರು ಎಲ್ರೆದುರು ಬೆಂಚಿನ ಮೇಲೆ ನಿಂತು ಕ್ಷಮೆ ಕೇಳ್ಬೇಕು. ಇಲ್ಲಾಂದ್ರೆ ಕಾಲೇಜಿಂದ ಹೆಸರು ತೆಗೀಬೇಕು."

"ಯಾರೇ ಆಗಿದ್ರೂನಾ?"

"ನನ್ನ ಸ್ವಂತ ಮಗನೇ ಆಗಿದ್ರೂ!"

ಪ್ರಿನ್ಸಿಪಾಲರು ಮಫ್ಲರಿನೊಳಗೇ ಏನೋ ಗೊಣಗಿಕೊಂಡು ಹೋದರು.

ಸುದ್ದಿ ಸ್ಟಾಫ್ ರೂಮು ಮುಟ್ಟುವುದಕ್ಕೆ ಎಷ್ಟು ಹೊತ್ತು? ಆಟದ ಮೇಷ್ಟ್ರು ಕೊರಳಿನ ಸೀಟಿ ಕುಣಿಸುತ್ತಾ ಓಡಿಬಂದರು. ಕರೆಯದೇ ಬರುವುದರಲ್ಲಿ ಅವರದು ಎತ್ತಿದ ಕೈ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋತಾರೆ ಸಾರ್. ಎಲ್ರನ್ನೂ ಸಾಲಾಗಿ ನಿಲ್ಸಿ. ಯಾರು ಕಿವಿ ಮುಟ್ಕೋತಾರೆ, ಅವರೇ!"

ನಿಲ್ಲಿಸಿದರು. ಇಡೀ ಕೋಣೆಯಲ್ಲಿ ಕಿವಿ ಮುಟ್ಟಿಕೊಳ್ಳುತ್ತಿದ್ದವರು ಇತಿಹಾಸದ ಮೇಷ್ಟ್ರೊಬ್ಬರೇ.

ಅಷ್ಟಕ್ಕೆ ಸುಮ್ಮನಾಗುವ ಆಸಾಮಿಯೇ ಆಟದ ಮೇಷ್ಟ್ರು? ಮೂರನೇ ಬೆಂಚಿನ ಹುಡುಗಿಯ ನೋಟ್‌ಬುಕ್ ಕಿತ್ತು ಬಿಚ್ಚಿದರು. ಅಂಚಿನ ತುಂಬ ಚಿತ್ರಗಳು. "ಸಿಕ್ಕಿಬಿದ್ಲು!"

"ಇಲ್ಲ ಸಾರ್, ನಾನು ಹೂವು ಮಾತ್ರ ಬಿಡ್ಸೋದು..." ಹುಡುಗಿಯ ಕಣ್ಣಲ್ಲಿ ಆಗಲೇ ನೀರು. "ಹೆಸರು ತೆಗೆದ್ರೆ ನಮ್ಮಪ್ಪ ಮತ್ತೆ ಓದ್ಸಲ್ಲ ಸಾರ್."

ಮೇಷ್ಟ್ರ ಮನಸ್ಸು ಒಂದು ಗಳಿಗೆ ಕರಗಿತು. ಆದರೆ ಬಾಗಿಲಲ್ಲಿ ಆಗಲೇ ಪಕ್ಕದ ಕ್ಲಾಸಿನವರ ತಲೆಗಳು ಇಣುಕುತ್ತಿದ್ದವು. ಈಗ ಬಿಟ್ಟರೆ ಇದ್ದಬದ್ದ ಮರ್ಯಾದೆಯೂ ಹೋದಂತೆ.

"ಹಾಗಾದ್ರೆ ಬೋರ್ಡಿನ ಮೇಲೆ ಬಿಡಿಸಿ ತೋರ್ಸು. ನೋಡೇಬಿಡೋಣ."

ಹುಡುಗಿ ಬಿಡಿಸಿದಳು. ತಲೆ ಆಲೂಗಡ್ಡೆಯಾಯಿತು, ಕಿವಿ ಎಲೆಯಾಯಿತು.

"ಬೇಕೂಂತಲೇ ಕೆಡಿಸ್ತಿದ್ದೀಯ! ಕಿವಿ ಹೀಗಾ ಇರೋದು? ಕೊಡಿಲ್ಲಿ!" ಎಂದು ಮೇಷ್ಟ್ರು ಚಾಕ್‌ಪೀಸ್ ಕಿತ್ತುಕೊಂಡರು. "ನೋಡು, ಮೇಲಿಂದ ಹೀಗೆ ಬರ್ಬೇಕು, ಇಲ್ಲಿ ಒಂದು ಸುತ್ತು, ಆಮೇಲೆ ಹೀಗೆ ಇಳೀಬೇಕು..."

ಡೆಸ್ಕಿನ ಕಡೆ ಒಮ್ಮೆಯೂ ನೋಡಲಿಲ್ಲ. ಕೈ ತಾನೇ ತಾನಾಗಿ ಓಡಿತು. ಎರಡು ಗೀಟಿಗೆ ತಲೆ, ಎರಡು ಸುತ್ತಿಗೆ ಕಿವಿ. ಡೆಸ್ಕಿನಿಂದ ಎದ್ದುಹೋಗಿ ಬೋರ್ಡಿನ ಮೇಲೆ ಕೂತಂತೆ, ಅದೇ ಮುಖ.

ಚಾಕ್‌ಪೀಸ್ ಮೇಷ್ಟ್ರ ಕೈಯಿಂದ ಜಾರಿತು. ಎಲ್ಲವೂ ಒಟ್ಟಿಗೆ ನೆನಪಾಯಿತು: ಇದೇ ಕೋಣೆ, ಇದೇ ಬೆಂಚು, ಹದಿನೇಳು ವರ್ಷದ ತಾನು, ತಲೆಗೆ ಹತ್ತದ ಲೆಕ್ಕದ ಪಾಠ, ಜೇಬಿನಲ್ಲೊಂದು ಕೈವಾರ.

ಬಾಗಿಲಲ್ಲಿ ಪ್ರಿನ್ಸಿಪಾಲರು ನಿಂತಿದ್ದರು. ನಿಧಾನವಾಗಿ ಮಫ್ಲರ್ ಬಿಚ್ಚಿದರು. ಬೋಳು ತಲೆ, ಮೊರದಗಲದ ಕಿವಿ.

"ಊರ ರಾಜರ ಇತಿಹಾಸವೆಲ್ಲ ಬಾಯಿಪಾಠ, ನಿಂದೇ ಮರ್ತೋಯ್ತೇನೋ?" ಅಂದರು. ಹದಿನೆಂಟು ವರ್ಷದಿಂದ 'ನೀವು' ಎನ್ನುತ್ತಿದ್ದವರ ಬಾಯಲ್ಲಿ ಹಳೆಯ 'ನೀನು' ಬಂದಿತ್ತು.

"ಸಾರ್... ನಿಮ್ಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಆಗ ನಿಂಗೆ ಲೆಕ್ಕ ಹೇಳ್ತಿದ್ದೋನು ನಾನೇ ಅಲ್ವೇನೋ. ಆಗಿನ ಪ್ರಿನ್ಸಿಪಾಲರು ಥೇಟ್ ನಿನ್ನ ಥರಾನೇ. ಕಂಡಿದ್ರೆ ಹೆಸರು ತೆಗೀತಿದ್ರು. ಅದಕ್ಕೇ ಒಂದು ಭಾನುವಾರ ಬಂದು ನಾನೇ ಬಣ್ಣ ಬಳಿದೆ." ಮೇಷ್ಟ್ರ ತಲೆಯನ್ನೊಮ್ಮೆ ನೋಡಿ ನಕ್ಕರು. "ಆವತ್ತು ನಿನ್ನ ಕಿವಿ ಹಿಂಡಲಿಲ್ಲ ಕಣೋ. ಆದ್ರೂ ಎಷ್ಟುದ್ದ ಬೆಳೆದಿದೆ ನೋಡು!"

ಮಾಡಿದ್ದುಣ್ಣೋ ಮಹಾರಾಯ. ಮೇಷ್ಟ್ರು ಚಪ್ಪಲಿ ಬಿಟ್ಟು ಮೂರನೇ ಬೆಂಚು ಹತ್ತಿದರು. ಮೊದಲು ಗುರುಗಳನ್ನು ಕ್ಷಮೆ ಕೇಳಿದರು, ಆಮೇಲೆ ಹುಡುಗಿಯನ್ನು.

"ಪರ್ವಾಗಿಲ್ಲ ಸಾರ್, ಇಳೀರಿ. ಬೆಂಚು ಅಲ್ಲಾಡುತ್ತೆ," ಎಂದು ಹುಡುಗಿಯೇ ಕೈ ಕೊಟ್ಟಳು.

ಮಾರನೆಯ ದಿನ ಮೇಷ್ಟ್ರು ಹಾಜರಿ ಕೂಗುತ್ತಾ ಬಂದರು. ಹಳೆಯ ಮುಖದ ಪಕ್ಕದಲ್ಲೇ ಇನ್ನೊಂದು ಹೊಸ ಚಿತ್ರ. ಬೆಂಚಿನ ಮೇಲೆ ನಿಂತ ಬೋಳು ತಲೆಯ ಮನುಷ್ಯ, ಕಿವಿ ನಿನ್ನೆಗಿಂತ ಉದ್ದ, ಎಡಗಿವಿಯ ಹಿಂದೆ ಪುಟ್ಟದೊಂದು ಹೂವು. ಮೂರನೇ ಬೆಂಚಿನ ಹುಡುಗಿ ತಲೆಯೆತ್ತಲಿಲ್ಲ. 'ಯಾರು' ಎಂಬ ಮಾತು ಮೇಷ್ಟ್ರ ನಾಲಿಗೆಯ ತುದಿಗೆ ಬಂದು, ಹಾಗೇ ವಾಪಸು ಹೋಯಿತು.

ತರಗತಿ ಮುಗಿದ ಮೇಲೆ ಅವರು ಅಟೆಂಡರನ್ನು ಪಕ್ಕಕ್ಕೆ ಕರೆದರು.

"ಭಾನುವಾರ ಕಾಲೇಜಿನ ಬೀಗದ ಕೈ ಕೊಡ್ತೀಯೇನಪ್ಪಾ? ಒಂದು ಡಬ್ಬಿ ಬಣ್ಣಾನೂ ಬೇಕಿತ್ತು."